ಕರುವಿನ ಕಾಲಿಗೆ ಆಧಾರ: ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಏನು?



ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸಂಘಗಳಿಂದ ನಮಗೆ ಬರುವ ತುರ್ತು ಕರೆಗಳಲ್ಲಿ ಕಾಲಿಗೆ ಸಂಬಂಧಿಸಿದವು ಕಡಿಮೆಯೇನಲ್ಲ. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು, ಅಡಿಕೆ ತೋಟದ ಕಣಿ, ಗುಡ್ಡದ ಇಳಿಜಾರು, ನೀರು ಇಂಗದ ಸಿಮೆಂಟಿನ ಹಟ್ಟಿ, ಇವೆಲ್ಲ ದನಗಳ ಕಾಲಿಗೆ ಶತ್ರುಗಳೇ. ಇದರ ಜೊತೆಗೆ ಹುಟ್ಟುವಾಗಲೇ ಕಾಲು ಬಾಗಿರುವ ಕರುಗಳೂ ಇವೆ. ಇಂತಹ ಸಮಯದಲ್ಲಿ ಮನೆಯವರು ಮೊದಲು ಮಾಡುವ ಕೆಲಸವೆಂದರೆ ಕಾಲಿಗೆ ಏನಾದರೊಂದನ್ನು ಕಟ್ಟುವುದು. ಹಾಗೆ ಕಟ್ಟುವುದು ತಪ್ಪಲ್ಲ. ಆದರೆ ಕಟ್ಟಿದ ಆಧಾರ ಯಾವ ಕೆಲಸ ಮಾಡುತ್ತದೆ, ಯಾವ ಕೆಲಸ ಮಾಡುವುದಿಲ್ಲ ಎಂಬ ತಿಳಿವಳಿಕೆ ಇಲ್ಲದಿದ್ದರೆ ಅದೇ ಆಧಾರ ಕಾಲಿಗೆ ಕುತ್ತಾಗುತ್ತದೆ.

ನಾನು ಸೇವೆಗೆ ಸೇರಿದ ಹೊಸತರಲ್ಲಿ ಸುಳ್ಯದ ಕಡೆಯ ಒಂದು ಮನೆಗೆ ಆಟಿ ತಿಂಗಳ ಒಂದು ಬೆಳಿಗ್ಗೆ ಹೋಗಿದ್ದೆ. ಹದಿನೈದು ದಿನದ ಹೆಣ್ಣು ಕರು. ದನ ತುಳಿದು ಮುಂಗಾಲಿನ ಕೆಳಗಿನ ಮೂಳೆ ಮುರಿದಿತ್ತು. ಮನೆಯವರು ಬಿದಿರಿನ ದಬ್ಬೆ ಇಟ್ಟು, ತೆಂಗಿನ ನಾರಿನ ಹಗ್ಗದಿಂದ ಬಿಗಿದು ಕಟ್ಟಿ ನಾಲ್ಕು ದಿನವಾಗಿತ್ತು. ಕಟ್ಟು ಬಿಚ್ಚಿದಾಗ ದುರ್ವಾಸನೆ ಬಂತು. ಗೊರಸು ತಣ್ಣಗಾಗಿತ್ತು, ಹಗ್ಗದ ಕೆಳಗಿನ ಭಾಗ ಕಪ್ಪಾಗಿತ್ತು. ಆ ಕರುವನ್ನು ಉಳಿಸಲಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಮೂಳೆ ಒಂದು ತಿಂಗಳಲ್ಲಿ ಕೂಡಿಕೊಳ್ಳುವಂತಹದ್ದೇ ಆಗಿತ್ತು. ಕರುವನ್ನು ಕೊಂದದ್ದು ಮುರಿತವಲ್ಲ, ನಾಲ್ಕು ದಿನ ಯಾರೂ ಬಿಚ್ಚಿ ನೋಡದ ಆ ಕಟ್ಟು.

ಆದ್ದರಿಂದ ಈ ಸಂಚಿಕೆಯಲ್ಲಿ ಕಾಲಿನ ಆಧಾರಗಳ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಮೊದಲು ದನದ ಕಾಲನ್ನು ಅರಿಯಿರಿ

ದನದ ಕಾಲಿನ ರಚನೆ ಮೂಲದಲ್ಲಿ ನಮ್ಮ ಕೈಕಾಲಿನ ರಚನೆಯೇ. ಆದರೆ ದನ ನಡೆಯುವುದು ಎರಡು ಬೆರಳುಗಳ ತುದಿಯಲ್ಲಿ. ಗೊರಸು ಎಂದರೆ ಆ ಬೆರಳುಗಳ ಉಗುರು. ಮುಂಗಾಲಿನಲ್ಲಿ ನಾವು ‘ಮಂಡಿ’ ಎಂದು ಕರೆಯುವ ಗಂಟು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವ ಗಂಟು ನಮ್ಮ ಹಿಮ್ಮಡಿಗೆ ಸಮ. ಹಿಂಗಾಲಿನ ನಿಜವಾದ ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಇದೆ.

ಇದನ್ನು ಹೇಳಲು ಕಾರಣವಿದೆ. ಮಂಡಿಯಿಂದ ಕೆಳಗೆ ಮತ್ತು ಹಿಮ್ಮಡಿ ಗಂಟಿನಿಂದ ಕೆಳಗೆ ದನದ ಕಾಲಿನಲ್ಲಿ ಮಾಂಸ ಎಂಬುದೇ ಇಲ್ಲ. ಇರುವುದು ಮೂಳೆ, ಅದರ ಹಿಂದೆ ಮುಂದೆ ಓಡುವ ಸ್ನಾಯುರಜ್ಜುಗಳು, ರಕ್ತನಾಳ ಮತ್ತು ಮೇಲಿನ ಚರ್ಮ ಮಾತ್ರ. ಸ್ನಾಯುರಜ್ಜನ್ನೇ ಹಳ್ಳಿಯಲ್ಲಿ ‘ನರ’ ಎನ್ನುತ್ತೇವೆ. ಮಾಂಸದ ಮೆತ್ತೆ ಇಲ್ಲದ ಕಾರಣ ಹೊರಗಿನಿಂದ ಕಟ್ಟಿದ್ದು ನೇರವಾಗಿ ರಕ್ತನಾಳವನ್ನೇ ಒತ್ತುತ್ತದೆ. ಇದು ಅಪಾಯದ ಮಾತು. ಇನ್ನೊಂದು ಕಡೆಯಿಂದ ನೋಡಿದರೆ, ಮಾಂಸ ಇಲ್ಲದಿರುವುದರಿಂದಲೇ ಈ ಭಾಗದ ಮೂಳೆಯನ್ನು ಹೊರಗಿನ ಆಧಾರದಿಂದ ಅಲುಗಾಡದಂತೆ ಹಿಡಿಯಲು ಸಾಧ್ಯ. ತೊಡೆಯ ಮೂಳೆ, ಭುಜದ ಮೂಳೆ ಮುರಿದರೆ ಹಾಗೆ ಹಿಡಿಯಲು ಆಗುವುದಿಲ್ಲ.

ಆಧಾರದ ಮೂರು ಕೆಲಸಗಳು

ಮನುಷ್ಯರ ಕಾಲಿಗೆ ಹಾಕುವ ಆಧಾರಗಳನ್ನು ನೀವು ನೋಡಿದ್ದೀರಿ. ಪೋಲಿಯೊ ಆದವರು ಹಾಕಿಕೊಳ್ಳುವ ಕ್ಯಾಲಿಪರ್, ಮಂಡಿನೋವಿಗೆ ಹಾಕುವ ಪಟ್ಟಿ, ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್, ಪಾದ ನೋಯುವವರ ಚಪ್ಪಲಿಯೊಳಗಿನ ಮೆತ್ತೆ, ಇವೆಲ್ಲ ನೋಡಲು ಬೇರೆ ಬೇರೆಯಾದರೂ ಮಾಡುವ ಕೆಲಸ ಮೂರೇ.

1. ಅಲುಗಾಡದಂತೆ ಹಿಡಿಯುವುದು. ಉದಾಹರಣೆ: ಮುರಿದ ಮೂಳೆಗೆ ಪ್ಲಾಸ್ಟರ್.
2. ಸರಿಯಾದ ದಿಕ್ಕಿನಲ್ಲಿ ನಿಲ್ಲಿಸುವುದು. ಉದಾಹರಣೆ: ಬಲವಿಲ್ಲದ ಕಾಲಿಗೆ ಕ್ಯಾಲಿಪರ್.
3. ಭಾರವನ್ನು ನೋಯುವ ಜಾಗದಿಂದ ಬೇರೆಡೆಗೆ ವರ್ಗಾಯಿಸುವುದು. ಉದಾಹರಣೆ: ಚಪ್ಪಲಿಯ ಮೆತ್ತೆ.

ಜಾನುವಾರುಗಳ ಕಾಲಿಗೂ ಈ ಮೂರೇ ಕೆಲಸ. ಗುಣಪಡಿಸುವುದು ಇವುಗಳಲ್ಲಿ ಒಂದಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮೂಳೆಯನ್ನು ಕೂಡಿಸುವುದು ದೇಹ. ಆ ಕೆಲಸಕ್ಕೆ ಬೇಕಾದ ಸಮಯ ಮತ್ತು ಸ್ಥಿರತೆಯನ್ನು ಮಾತ್ರ ಆಧಾರ ಒದಗಿಸುತ್ತದೆ.

ಈ ವಿದ್ಯೆ ಆಸ್ಪತ್ರೆಗಳಲ್ಲಿ ಮಾತ್ರ ಬೆಳೆದದ್ದಲ್ಲ. ಹ್ಯೂ ಓವೆನ್ ಥಾಮಸ್ (1834-1891) ಎಂಬ ವೈದ್ಯರು ತಲೆಮಾರುಗಳಿಂದ ಮೂಳೆ ಕೂಡಿಸುತ್ತಿದ್ದ ನಾಟಿ ವೈದ್ಯರ ಮನೆತನದಲ್ಲಿ ಹುಟ್ಟಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಕೆಲಸ ಮಾಡಿದವರು. ಒಂದು ಬಳೆ, ಅದರಿಂದ ಇಳಿದ ಎರಡು ಕಬ್ಬಿಣದ ಸರಳು, ಇಷ್ಟರಿಂದ ಅವರು ಮಾಡಿದ ಆಧಾರ ಮೊದಲನೇ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಅನೇಕ ಸೈನಿಕರ ಜೀವ ಉಳಿಸಿತು. ಅದೇ ‘ಥಾಮಸ್ ಸ್ಪ್ಲಿಂಟ್’ ಇಂದು ಪಶುವೈದ್ಯರ ಕೈಯಲ್ಲೂ ಇದೆ. ಕರುವಿನ ತೊಡೆಸಂದಿಗೆ ಅಥವಾ ಕಂಕುಳಿಗೆ ಮೆತ್ತೆ ಸುತ್ತಿದ ಬಳೆ ಕೂರಿಸಿ, ಸರಳುಗಳನ್ನು ಗೊರಸಿನ ಕೆಳಗಿನವರೆಗೆ ಇಳಿಸಿದರೆ ಭಾರ ಬಳೆಯಿಂದ ನೇರವಾಗಿ ನೆಲಕ್ಕೆ ಹೋಗುತ್ತದೆ. ಪಶುವೈದ್ಯರು ಅಳತೆ ಕೊಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಇದನ್ನು ಮಾಡಿಸಬಹುದು.

ಕಾಲು ಬಾಗಿ ಹುಟ್ಟಿದ ಕರು

ಕೆಲವು ಕರುಗಳು ಹುಟ್ಟಿದಾಗ ಗೊರಸಿನ ಮೇಲಿನ ಗಂಟು ಮುಂದಕ್ಕೆ ಮಡಚಿಕೊಂಡು, ಗೊರಸಿನ ತುದಿಯಲ್ಲಿ ಅಥವಾ ಗಂಟಿನ ಮೇಲೆಯೇ ನಿಲ್ಲುತ್ತವೆ. ಕೆಲವಕ್ಕೆ ಮಂಡಿಯೂ ಬಾಗಿರುತ್ತದೆ. ಕಾಲಿನ ಹಿಂಭಾಗದ ಸ್ನಾಯುರಜ್ಜುಗಳು ಗಿಡ್ಡವಾಗಿರುವುದೇ ಇದಕ್ಕೆ ಕಾರಣ. ದೊಡ್ಡ ಕರು ಗರ್ಭಕೋಶದಲ್ಲಿ ಇಕ್ಕಟ್ಟಾಗಿ ಬೆಳೆದಾಗ ಹೀಗಾಗುವುದುಂಟು.

ಕರು ಎದ್ದು ನಿಲ್ಲಲಾರದೆ ಬಿದ್ದಿರುವಾಗ ಎಲ್ಲರ ಗಮನ ಕಾಲಿನ ಮೇಲೆ ಇರುತ್ತದೆ. ಆದರೆ ನಿಮ್ಮ ಮೊದಲ ಕೆಲಸ ಕಾಲಲ್ಲ, ಗಿಣ್ಣು ಹಾಲು. ನಿಲ್ಲಲಾರದ ಕರು ತಾನಾಗಿ ಕೆಚ್ಚಲಿಗೆ ಹೋಗಲಾರದು. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕರೆದು ಬಾಟಲಿಯಿಂದ ಕುಡಿಸಿ. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರಿನಷ್ಟಾದರೂ ಹೊಟ್ಟೆಗೆ ಹೋಗಬೇಕು. ಕಾಲು ನೆಟ್ಟಗಾಗಿ, ಗಿಣ್ಣು ಹಾಲು ಸಿಗದೆ ಭೇದಿಯಿಂದ ಸತ್ತ ಕರುಗಳನ್ನು ನಾನು ನೋಡಿದ್ದೇನೆ.

ಎರಡನೆಯ ಕೆಲಸ ಪರೀಕ್ಷೆ. ಕರುವನ್ನು ಮಲಗಿಸಿ, ಒಂದು ಕೈಯಿಂದ ಮಂಡಿಯನ್ನು ಹಿಡಿದು, ಇನ್ನೊಂದು ಕೈಯಿಂದ ಗೊರಸನ್ನು ನಿಧಾನವಾಗಿ ನೆಟ್ಟಗೆ ಮಾಡಿ ನೋಡಿ.

ಅ) ಸುಲಭವಾಗಿ ನೆಟ್ಟಗಾದರೆ: ಕಟ್ಟು ಬೇಕಾಗಿಲ್ಲ. ಜಾರದ ನೆಲದಲ್ಲಿ ದಿನಕ್ಕೆ ನಾಲ್ಕೈದು ಬಾರಿ ಹಿಡಿದು ನಿಲ್ಲಿಸಿ, ನಡೆಸಿ. ಕಾಲನ್ನು ನೀವಿ, ಎಳೆದು ಬಿಡಿ. ಕೆಲವೇ ದಿನಗಳಲ್ಲಿ ಸರಿಯಾಗುತ್ತದೆ.

ಆ) ಬಲ ಹಾಕಿದರೆ ಬಹುಮಟ್ಟಿಗೆ ನೆಟ್ಟಗಾದರೆ: ಆಧಾರ ಕಟ್ಟು ಬೇಕು. ಇದೇ ಕಟ್ಟಿನಿಂದ ಹೆಚ್ಚು ಪ್ರಯೋಜನ ಪಡೆಯುವ ಕರು. ಮೊದಲ ಒಂದೆರಡು ದಿನದಲ್ಲೇ ಪ್ರಾರಂಭಿಸಿದರೆ ಫಲ ಹೆಚ್ಚು.

ಇ) ಎಷ್ಟು ಪ್ರಯತ್ನಿಸಿದರೂ ನೆಟ್ಟಗಾಗದಿದ್ದರೆ, ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದರೆ: ಬಲವಂತ ಬೇಡ. ಪಶುವೈದ್ಯರನ್ನು ಕರೆಯಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಕೆಲವು ಸರಿಯಾಗದೆಯೂ ಉಳಿಯಬಹುದು.

ಕಟ್ಟುವ ವಿಧಾನ

ಬೇಕಾದ ಸಾಮಗ್ರಿ: ಹತ್ತಿಯ ಸುರುಳಿ, ಬಟ್ಟೆಯ ಬ್ಯಾಂಡೇಜು, ಅಂಟುಪಟ್ಟಿ ಮತ್ತು ಗಟ್ಟಿಯಾದ ಒಂದು ಆಧಾರ. ನಮ್ಮ ತೋಟಗಳಲ್ಲಿ ನೀರಾವರಿಗೆ ಬಳಸಿ ಉಳಿದ ಪಿವಿಸಿ ಪೈಪಿನ ತುಂಡು ಇದಕ್ಕೆ ಬಹಳ ಅನುಕೂಲ. ಎರಡೂವರೆ ಅಥವಾ ಮೂರು ಇಂಚಿನ ಪೈಪನ್ನು ಉದ್ದಕ್ಕೆ ಸೀಳಿ ಅರ್ಧ ಭಾಗ ತೆಗೆದುಕೊಳ್ಳಿ. ತುದಿ ಮತ್ತು ಅಂಚುಗಳನ್ನು ಉಜ್ಜುಕಾಗದದಿಂದ ಚೆನ್ನಾಗಿ ನಯ ಮಾಡಿ.

ಪೈಪು ಸಿಗದಿದ್ದರೆ ಅಡಿಕೆ ಹಾಳೆ ಇದೆ. ನೀರಿನಲ್ಲಿ ನೆನೆಸಿದ ಹಾಳೆ ಮೆತ್ತಗಾಗಿ ಕಾಲಿನ ಆಕಾರಕ್ಕೆ ಬಗ್ಗುತ್ತದೆ, ಒಣಗಿದರೆ ಗಟ್ಟಿಯಾಗುತ್ತದೆ. ಒಂದು ಮರದ ಕೊರಡಿಗೆ ಸುತ್ತಿ ಒಣಗಿಸಿಟ್ಟುಕೊಂಡ ಎರಡು ಪದರದ ಹಾಳೆ ಸಣ್ಣ ಕರುವಿಗೆ ತಾತ್ಕಾಲಿಕ ಆಧಾರವಾಗಿ ಸಾಕು. ಹಸಿ ಹಾಳೆಯನ್ನು ನೇರವಾಗಿ ಕಾಲಿಗೆ ಕಟ್ಟಬೇಡಿ, ಒಣಗುವಾಗ ಮುದುಡಿಕೊಂಡು ಒತ್ತುತ್ತದೆ.

1. ಕಾಲನ್ನು ಒರೆಸಿ ಸಂಪೂರ್ಣ ಒಣಗಿಸಿ. ಎಣ್ಣೆ, ಲೇಪ ಯಾವುದೂ ಬೇಡ.
2. ಗೊರಸಿನಿಂದ ಮೇಲಕ್ಕೆ ಹತ್ತಿಯನ್ನು ಸಮನಾಗಿ ಸುತ್ತಿ. ಗಂಟುಗಳಿರುವಲ್ಲಿ ಮತ್ತು ಆಧಾರದ ಎರಡು ತುದಿ ಬರುವಲ್ಲಿ ಇನ್ನೊಂದು ಸುತ್ತು ಹೆಚ್ಚು ಹಾಕಿ. ಹತ್ತಿ ಉಂಡೆಯಾಗಬಾರದು, ಸುಕ್ಕಾಗಬಾರದು.
3. ಅದರ ಮೇಲೆ ಬ್ಯಾಂಡೇಜನ್ನು ಹಗುರವಾಗಿ ಸುತ್ತಿ.
4. ಒಬ್ಬರು ಕಾಲನ್ನು ನೆಟ್ಟಗೆ ಹಿಡಿದಿರಲಿ. ಪೈಪಿನ ತುಂಡನ್ನು ಕಾಲಿನ ಹಿಂಭಾಗಕ್ಕೆ ಇಡಿ. ಗೊರಸಿನ ಗಂಟು ಮಾತ್ರ ಬಾಗಿದ್ದರೆ ತುಂಡು ಗೊರಸಿನಿಂದ ಮಂಡಿಯ ಸ್ವಲ್ಪ ಕೆಳಗಿನವರೆಗೆ ಇರಲಿ. ಮಂಡಿಯೂ ಬಾಗಿದ್ದರೆ ಮೊಣಕೈ ಗಂಟಿನ ಸ್ವಲ್ಪ ಕೆಳಗಿನವರೆಗೆ ಇರಲಿ. ಆಧಾರದ ತುದಿ ಯಾವ ಗಂಟಿನ ಮೇಲೂ ಮುಗಿಯಬಾರದು.
5. ಮೂರು ನಾಲ್ಕು ಕಡೆ ಅಗಲವಾದ ಪಟ್ಟಿಯಿಂದ ಕಟ್ಟಿ. ಹಗ್ಗ, ಸುತಳಿ, ತಂತಿ ಖಂಡಿತ ಬೇಡ.
6. ಮೇಲ್ತುದಿಯಲ್ಲಿ ನಿಮ್ಮ ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲವಿರಬೇಕು. ಬೆರಳು ಹೋಗದಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ಈ ಕಟ್ಟನ್ನು ದಿನಕ್ಕೊಮ್ಮೆ ಬಿಚ್ಚಲೇಬೇಕು. ಬಿಚ್ಚಿ ಚರ್ಮ ನೋಡಿ, ಕಾಲನ್ನು ನೀವಿ, ಹತ್ತು ಹದಿನೈದು ನಿಮಿಷ ಹಾಗೆಯೇ ನಿಲ್ಲಿಸಿ, ಒಣ ಹತ್ತಿ ಹಾಕಿ ಮತ್ತೆ ಕಟ್ಟಿ. ಕರು ಸರಿಯಾಗಿ ಗೊರಸು ಊರತೊಡಗಿದ ದಿನವೇ ಕಟ್ಟು ನಿಲ್ಲಿಸಿ. ‘ಇನ್ನೂ ನಾಲ್ಕು ದಿನ ಇರಲಿ’ ಎಂದು ಬಿಟ್ಟರೆ ಸ್ನಾಯುರಜ್ಜು ಬಲ ಕಳೆದುಕೊಂಡು ಕಾಲು ಹಿಂದಕ್ಕೆ ಕುಸಿಯತೊಡಗುತ್ತದೆ. ಒಂದು ವಾರದಲ್ಲಿ ಸುಧಾರಣೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ. ಸ್ನಾಯುರಜ್ಜು ಸಡಿಲಿಸಲು ಅವರು ಚುಚ್ಚುಮದ್ದು ಕೊಡುವುದುಂಟು. ಅದು ಮೂತ್ರಪಿಂಡಕ್ಕೆ ತೊಂದರೆ ಮಾಡಬಲ್ಲ ಪ್ರಮಾಣದ ಔಷಧ, ಆದ್ದರಿಂದ ಬೇರೆಯವರ ಮಾತು ಕೇಳಿ ಕೊಡಿಸಬೇಡಿ.

ಮೂಳೆ ಮುರಿದಾಗ

ಎಳೆಗರುಗಳ ಕಾಲು ಮುರಿಯುವುದಕ್ಕೆ ಒಂದು ಮುಖ್ಯ ಕಾರಣ ನಮ್ಮದೇ ಕೈ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕರು ಹಾಕಲು ದನ ಕಷ್ಟಪಡುವಾಗ ನಾಲ್ಕೈದು ಮಂದಿ ಸೇರಿ ಹಗ್ಗ ಕಟ್ಟಿ ಎಳೆಯುತ್ತಾರೆ. ಆಗ ಮುಂಗಾಲಿನ ಕೆಳಗಿನ ಮೂಳೆ ಮುರಿಯುತ್ತದೆ. ಎಳೆಯಲೇಬೇಕಾದರೆ ಹಗ್ಗದ ಕುಣಿಕೆ ಗೊರಸಿನ ಗಂಟಿನ ಮೇಲೆ ಒಂದು, ಗಂಟಿನ ಕೆಳಗೆ ಇನ್ನೊಂದು ಸುತ್ತು ಹೀಗೆ ಎರಡು ಕಡೆ ಇರಲಿ, ಬಲ ಹಂಚಿಹೋಗುತ್ತದೆ. ದನ ಮುಕ್ಕಿದಾಗ ಮಾತ್ರ ಎಳೆಯಿರಿ. ಇಬ್ಬರ ಬಲ ಸಾಲದಿದ್ದರೆ ಅದು ಬಲದ ಪ್ರಶ್ನೆಯಲ್ಲ, ಕರುವಿನ ಭಂಗಿಯ ಪ್ರಶ್ನೆ. ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಮುರಿತವಾಗಿದೆ ಎಂದು ಕಂಡರೆ ವೈದ್ಯರು ಬರುವವರೆಗೆ ಮಾಡಬೇಕಾದುದು ಇಷ್ಟೆ. ಪ್ರಾಣಿಯನ್ನು ನಡೆಸಬೇಡಿ. ಇದ್ದಲ್ಲಿಯೇ ಒಣ ಹುಲ್ಲಿನ ಮೇಲೆ ಮಲಗಿಸಿ. ಮುರಿದದ್ದು ಮಂಡಿಯ ಅಥವಾ ಹಿಮ್ಮಡಿ ಗಂಟಿನ ಕೆಳಗಾದರೆ, ಮೇಲೆ ಹೇಳಿದಂತೆ ದಪ್ಪವಾಗಿ ಹತ್ತಿ ಸುತ್ತಿ ಎರಡು ಪಕ್ಕದಲ್ಲೂ ದಬ್ಬೆ ಇಟ್ಟು ಕಟ್ಟಬಹುದು. ಇಲ್ಲಿ ನಿಯಮ ಒಂದೇ: ಮುರಿದ ಜಾಗದ ಮೇಲಿನ ಗಂಟೂ ಕೆಳಗಿನ ಗಂಟೂ ಎರಡೂ ಅಲುಗಾಡದಂತೆ ಕಟ್ಟು ಉದ್ದವಿರಬೇಕು. ಮುರಿದ ಜಾಗದಲ್ಲೇ ಮುಗಿಯುವ ಗಿಡ್ಡ ಕಟ್ಟು ಹಾರೆಗೋಲಿನಂತೆ ಮೀಟಿ ಮುರಿತವನ್ನು ಹೆಚ್ಚಿಸುತ್ತದೆ. ಇದೇ ಕಾರಣಕ್ಕೆ ತೊಡೆ ಅಥವಾ ಭುಜದ ಮೂಳೆ ಮುರಿದಿದ್ದರೆ ಕೆಳಗೆ ಏನನ್ನೂ ಕಟ್ಟಬೇಡಿ. ಕಟ್ಟಿನ ಭಾರ ಮುರಿದ ಮೂಳೆಯನ್ನು ಇನ್ನಷ್ಟು ಜಗ್ಗುತ್ತದೆ.

ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೆ ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಶುದ್ಧ ಬಟ್ಟೆ ಮುಚ್ಚಿ, ತಕ್ಷಣ ವೈದ್ಯರಿಗೆ ತಿಳಿಸಿ. ಸುಣ್ಣ, ಬೂದಿ, ಸೆಗಣಿ, ಮಣ್ಣು ಯಾವುದನ್ನೂ ಹಚ್ಚಬೇಡಿ. ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಅಥವಾ 1962 ಸಂಖ್ಯೆಗೆ ಕರೆ ಮಾಡಿ ಸಹಾಯ ಕೇಳಬಹುದು.

ಪ್ಲಾಸ್ಟರ್ ಮತ್ತು ನಮ್ಮ ಮಳೆ

ಸುಣ್ಣದಂತಹ ಪುಡಿ ಹಚ್ಚಿದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಸುತ್ತುವ ‘ಪ್ಲಾಸ್ಟರ್ ಆಫ್ ಪ್ಯಾರಿಸ್’ ಕಟ್ಟನ್ನು ಬಳಕೆಗೆ ತಂದವರು ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಾಥೈಸನ್. ಅದು 1851ರ ಮಾತು. ಕೆಲವೇ ನಿಮಿಷದಲ್ಲಿ ಇದು ಗಟ್ಟಿಯಾದಂತೆ ಕಂಡರೂ ಒಳಗಿನವರೆಗೆ ಒಣಗಿ ಪೂರ್ತಿ ಬಲ ಬರಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಕರುವನ್ನು ಓಡಾಡಲು ಬಿಡಬಾರದು. ಇದರ ದೊಡ್ಡ ದೌರ್ಬಲ್ಯವೆಂದರೆ ನೀರು. ಒದ್ದೆಯಾದ ಪ್ಲಾಸ್ಟರ್ ಮೆತ್ತಗಾಗುತ್ತದೆ, ಒಳಗಿನ ಹತ್ತಿ ಮೂತ್ರ ಹೀರಿ ಚರ್ಮ ಕೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಇದು ದಿನನಿತ್ಯದ ಸಮಸ್ಯೆ. ಸಾಧ್ಯವಿದ್ದರೆ ಫೈಬರ್ ಕಟ್ಟು ಹಾಕಿಸಿ, ಖರ್ಚು ಹೆಚ್ಚಾದರೂ ಅದು ಹಗುರ, ನೀರಿಗೆ ಕರಗದು. ಆದರೆ ಅದರ ಒಳಗಿನ ಹತ್ತಿ ಒದ್ದೆಯಾದರೆ ತೊಂದರೆ ಅದೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಪುತ್ತೂರಿನ ಕಡೆಯ ಒಂದು ಮನೆಯಲ್ಲಿ ಕರುವಿಗೆ ಚೆನ್ನಾಗಿಯೇ ಪ್ಲಾಸ್ಟರ್ ಹಾಕಿ, ‘ಒಂದು ತಿಂಗಳು ಬಿಟ್ಟು ಬರುತ್ತೇನೆ’ ಎಂದು ಹೇಳಿ ಬಂದೆ. ಏನು ನೋಡಬೇಕು, ಯಾವಾಗ ನನ್ನನ್ನು ಕರೆಯಬೇಕು ಎಂದು ಹೇಳಲಿಲ್ಲ. ಹತ್ತನೇ ದಿನ ಕರೆ ಬಂತು. ಸೋರುವ ಹಟ್ಟಿಯಲ್ಲಿ ಪ್ಲಾಸ್ಟರ್ ನೆನೆದು, ಮೇಲಂಚು ಚರ್ಮವನ್ನು ಕತ್ತರಿಸಿತ್ತು. ಆ ಕರು ಉಳಿಯಿತು, ಆದರೆ ಕುಂಟುತ್ತಲೇ ಬೆಳೆಯಿತು. ಮನೆಯವರು ನನ್ನನ್ನು ಬೈಯಲಿಲ್ಲ. ಆದರೂ ತಪ್ಪು ಅವರದಲ್ಲ, ನನ್ನದು ಎಂಬುದು ನನಗೆ ಗೊತ್ತಿತ್ತು.

ಹುಟ್ಟಿದ ಹೊಸತರ ಕರುವಿನ ಮೂಳೆ ಸಾಮಾನ್ಯವಾಗಿ ಮೂರು ನಾಲ್ಕು ವಾರದಲ್ಲಿ ಕೂಡುತ್ತದೆ. ಬೆಳೆದ ದನಕ್ಕೆ ಎರಡು ಮೂರು ತಿಂಗಳೇ ಬೇಕಾದೀತು. ಬೆಳೆಯುವ ಕರುವಿಗೆ ಹಳೆಯ ಪ್ಲಾಸ್ಟರ್ ಬಿಗಿಯಾಗುವುದರಿಂದ ಎರಡು ಮೂರು ವಾರಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಕರು ಹಾಕಿದ ದನ ಏಳದಿದ್ದಾಗ

ಕಷ್ಟದ ಪ್ರಸವದ ನಂತರ ಕೆಲವು ದನಗಳ ಹಿಂಗಾಲುಗಳು ಎರಡು ಪಕ್ಕಕ್ಕೆ ಜಾರುತ್ತವೆ. ಕರು ಹೊರಬರುವಾಗ ಒಳಗಿನ ನರತಂತುಗಳು ಜಜ್ಜಿಹೋಗುವುದೇ ಕಾರಣ. ಏಳಲು ಹೋಗಿ ಕಾಲು ಸೀಳಿದಂತೆ ಅಗಲವಾದರೆ ತೊಡೆಯ ಸ್ನಾಯು ಹರಿದು ದನ ಮತ್ತೆ ಏಳುವುದೇ ಇಲ್ಲ. ಇದನ್ನು ತಪ್ಪಿಸುವ ಆಧಾರ ಬಹಳ ಸರಳ. ಎರಡು ಹಿಂಗಾಲುಗಳಿಗೂ ಗೊರಸಿನ ಗಂಟಿನ ಮೇಲ್ಗಡೆ ಅಗಲವಾದ ಮೆತ್ತನೆಯ ಪಟ್ಟಿ ಹಾಕಿ, ದನ ಸಹಜವಾಗಿ ನಿಂತಾಗ ಇರುವಷ್ಟು ಅಂತರ ಬಿಟ್ಟು ಒಂದಕ್ಕೊಂದು ಜೋಡಿಸಿ. ಹಳೆಯ ಸೈಕಲ್ ಟ್ಯೂಬನ್ನು ಬಟ್ಟೆಯೊಳಗಿಟ್ಟು ಬಳಸಬಹುದು. ದನವನ್ನು ಸಿಮೆಂಟ್ ನೆಲದಿಂದ ಮಣ್ಣು, ಮರಳು ಅಥವಾ ದಪ್ಪ ಸೊಪ್ಪಿನ ಹಾಸಿಗೆಗೆ ಬದಲಿಸಿ, ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಹೊರಳಿಸಿ.

ಆದರೆ ಎಚ್ಚರಿಕೆ: ಕರು ಹಾಕಿದ ಮೂರು ದಿನದೊಳಗೆ ಬಿದ್ದ ದನದಲ್ಲಿ ಮೊದಲು ಸಂಶಯಿಸಬೇಕಾದ್ದು ಹಾಲುಜ್ವರ. ಕಿವಿ ತಣ್ಣಗಿದ್ದು, ಕತ್ತು ಹೊಟ್ಟೆಯ ಕಡೆಗೆ ತಿರುಗಿಸಿ ಮಲಗಿದ್ದರೆ ಅದಕ್ಕೆ ಬೇಕಾದ್ದು ಕ್ಯಾಲ್ಸಿಯಂ, ಕಾಲಿನ ಪಟ್ಟಿಯಲ್ಲ. ವೈದ್ಯರನ್ನು ಕರೆಯಲು ತಡ ಮಾಡಬೇಡಿ.

ಗೊರಸಿನಡಿಯ ಮರದ ತುಂಡು

ಪಾದ ನೋಯುವವರ ಚಪ್ಪಲಿಯ ಮೆತ್ತೆಯಂತಹದ್ದು ದನಕ್ಕೂ ಇದೆ. ದನದ ಒಂದೊಂದು ಕಾಲಿಗೂ ಎರಡೆರಡು ಗೊರಸುಗಳಿರುವುದರಿಂದ, ಒಂದರಲ್ಲಿ ಹುಣ್ಣಾದರೆ ಸರಿಯಿರುವ ಇನ್ನೊಂದು ಗೊರಸಿನ ತಳವನ್ನು ಸಮ ಮಾಡಿ ಸುಮಾರು ಎರಡು ಸೆಂಟಿಮೀಟರ್ ದಪ್ಪದ ಮರದ ಅಥವಾ ರಬ್ಬರಿನ ತುಂಡನ್ನು ವಿಶೇಷ ಅಂಟಿನಿಂದ ಕೂರಿಸುತ್ತಾರೆ. ಆಗ ನೋಯುವ ಗೊರಸು ನೆಲದಿಂದ ಮೇಲಾಗಿ ವಿಶ್ರಾಂತಿ ಪಡೆಯುತ್ತದೆ. ನಾಲ್ಕರಿಂದ ಆರು ವಾರದಲ್ಲಿ ಹುಣ್ಣು ಮಾಯುವುದು ವಾಡಿಕೆ. ಕುಂಟುವ ದನ ಮೇವಿನ ಬಳಿಗೆ ಹೋಗುವುದು ಕಡಿಮೆ, ಹಾಲು ಇಳಿಯುತ್ತದೆ, ಬೆದೆಯ ಲಕ್ಷಣವನ್ನೂ ಸರಿಯಾಗಿ ತೋರಿಸುವುದಿಲ್ಲ. ಈ ಸಣ್ಣ ತುಂಡಿನ ಬೆಲೆ ಅಲ್ಲಿಂದ ಲೆಕ್ಕ ಹಾಕಿ.

ಕಟ್ಟು ಬೇಡವಾದ ಕಡೆ

1. ಗೊರಸಿನ ತುದಿ ಮೇಲಕ್ಕೆದ್ದು, ಗಂಟು ನೆಲಕ್ಕೆ ಕುಸಿದಿರುವ ನಿಶ್ಶಕ್ತ ಕರು. ಇದರ ಸ್ನಾಯುರಜ್ಜು ಗಿಡ್ಡವಲ್ಲ, ಸಡಿಲ. ಬಿಗಿಯಾಗಿ ಕಟ್ಟಿದರೆ ಇನ್ನೂ ಸಡಿಲವಾಗುತ್ತದೆ. ಜಾರದ ನೆಲ, ಹಾಲು, ಸ್ವಲ್ಪ ನಡಿಗೆ ಸಾಕು, ಒಂದೆರಡು ವಾರದಲ್ಲಿ ಬಲ ಬರುತ್ತದೆ.

2. ಗಂಟು ಊದಿ, ಮುಟ್ಟಿದರೆ ಬಿಸಿಯಾಗಿ, ಕರು ಮಂಕಾಗಿದ್ದರೆ. ಹೊಕ್ಕುಳಿನಿಂದ ಒಳಹೊಕ್ಕ ಸೋಂಕು ಗಂಟಿಗೆ ಇಳಿದಿರಬಹುದು. ಇದಕ್ಕೆ ಬೇಗನೆ ಔಷಧ ಬೇಕು. ಹುಟ್ಟಿದ ಕೂಡಲೇ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದು ಇದನ್ನು ತಡೆಯುವ ದಾರಿ.

3. ದನ ಹಿಂಗಾಲನ್ನು ಮಡಚಲಾರದೆ ಹಿಂದಕ್ಕೆ ಚಾಚಿ ಎಳೆಯುತ್ತಾ, ಒಮ್ಮೆಲೆ ಜರ್ಕಿನಿಂದ ಬಿಡಿಸಿಕೊಳ್ಳುತ್ತಿದ್ದರೆ. ಇದು ಮಂಡಿಚಿಪ್ಪು ಮೇಲೆ ಸಿಕ್ಕಿಕೊಳ್ಳುವ ತೊಂದರೆ. ಪಶುವೈದ್ಯರು ಮಾಡುವ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಸರಿಯಾಗುತ್ತದೆ.

4. ಬೆಳೆಯುವ ಕರುವಿನ ಕಾಲು ಬಿಲ್ಲಿನಂತೆ ಬಾಗುತ್ತಾ ಬಂದರೆ. ಇದು ಸುಣ್ಣ ಮತ್ತು ರಂಜಕದ ಕೊರತೆ. ಖನಿಜ ಮಿಶ್ರಣ ಕೊಡಿ, ಬಿಸಿಲಿಗೆ ಬಿಡಿ.

5. ಹುಟ್ಟಿನಿಂದಲೇ ಗಂಟುಗಳು ಬೆಸೆದಂತೆ ಗಟ್ಟಿಯಾಗಿ ತಿರುಚಿಕೊಂಡಿದ್ದರೆ. ಇಂತಹವನ್ನು ಸುಮ್ಮನೆ ‘ವಿಧಿ’ ಎಂದು ಬಿಡಬೇಡಿ. ನಮ್ಮ ನೆರೆಯ ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ 1970ರ ದಶಕದ ಕೊನೆಯಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದಾಗ, ಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ಗಮನಿಸಿ ಬರೆದವರು ಪತ್ರಕರ್ತ ಶ್ರೀ ಪಡ್ರೆಯವರು. ಮನುಷ್ಯರ ಸಂಕಟ ಲೋಕಕ್ಕೆ ತಿಳಿದದ್ದು ಆಮೇಲೆ. ನಮ್ಮ ಜಿಲ್ಲೆಯ ಕೊಕ್ಕಡ, ಕೊಯಿಲದ ಕಡೆಯ ಕುಟುಂಬಗಳಿಗೂ ಆ ನೋವು ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದರ ಬಳಕೆಯನ್ನು ತಡೆಯಿತು. ಒಂದು ಕರುವನ್ನು ನೋಡಿ ಕಾರಣ ಇಂತಹದ್ದೇ ಎಂದು ಹೇಳಲಾಗದು. ಆದರೆ ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕರುಗಳು ಹೀಗೆ ಹುಟ್ಟಿದರೆ ದಿನಾಂಕ ಬರೆದಿಟ್ಟು ಸಂಘಕ್ಕೆ, ಪಶು ಆಸ್ಪತ್ರೆಗೆ ತಿಳಿಸಿ.

ದಿನಕ್ಕೆ ಐದು ನಿಮಿಷ

ಕಡಬದ ಕಡೆಯ ನಮ್ಮ ಒಬ್ಬ ಸದಸ್ಯೆಯ ಮಾತಿನಿಂದ ಈ ಪಾಠ ಮುಗಿಸುತ್ತೇನೆ. ಅವರಿಗೆ ಬಾಲ್ಯದಲ್ಲೇ ಪೋಲಿಯೊ ಆಗಿ ಒಂದು ಕಾಲಿಗೆ ಬಲವಿಲ್ಲ. ಕಬ್ಬಿಣ ಮತ್ತು ಚರ್ಮದ ಕ್ಯಾಲಿಪರ್ ಹಾಕಿಕೊಂಡೇ ಎರಡು ದನ ಸಾಕಿ, ಎರಡು ಹೊತ್ತು ಹಾಲು ಹಾಕುತ್ತಾರೆ. ಅವರ ಮನೆಯಲ್ಲಿ ಕಾಲು ಬಾಗಿದ ಕರು ಹುಟ್ಟಿದಾಗ ನಾನು ಪೈಪಿನ ಆಧಾರ ಕಟ್ಟಿ, ‘ಅಕ್ಕ, ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು’ ಎಂದೆ. ಅವರು ನಕ್ಕು ಹೇಳಿದರು: “ಅದನ್ನು ನನಗೆ ಹೇಳಬೇಕಾ ಡಾಕ್ಟ್ರೇ? ಹೊಸ ಕ್ಯಾಲಿಪರ್ ಬಂದಾಗಲೆಲ್ಲ ಕಾಲಿನಲ್ಲಿ ಗಾಯ. ನನಗಾದರೆ ಬಾಯಿತ್ತು, ಅಮ್ಮನ ಹತ್ತಿರ ಹೇಳಿದೆ. ಈ ಕರು ಯಾರ ಹತ್ತಿರ ಹೇಳುವುದು?”

ಅವರು ದಿನಕ್ಕೆ ಎರಡು ಸಲ ಬಿಚ್ಚಿ ನೋಡಿದರು. ಕೆಂಪಾದ ಕಡೆ ಹತ್ತಿ ಹೆಚ್ಚು ಮಾಡಿದರು. ಆರನೇ ದಿನ ಕರು ನಾಲ್ಕು ಗೊರಸೂ ಊರಿ ನಿಂತಿತು. ನಾನು ಕಟ್ಟಿದ್ದು ಒಂದು ಸಲ, ಉಳಿದದ್ದೆಲ್ಲ ಅವರ ಕೆಲಸ. ಆಮೇಲೆ ನಾನು ಕಟ್ಟು ಹಾಕಿದ ಪ್ರತಿ ಮನೆಯಲ್ಲಿಯೂ ಅವರ ಮಾತನ್ನೇ ಹೇಳಿ ಬರುತ್ತೇನೆ.

ಕಟ್ಟು ಇರುವಷ್ಟು ದಿನ, ಬೆಳಿಗ್ಗೆ ಹಾಲು ಕರೆದ ಮೇಲೆ ಇಷ್ಟನ್ನು ನೋಡಿ:

* ಗೊರಸು ಮುಟ್ಟಿ ನೋಡಿ. ಇನ್ನೊಂದು ಕಾಲಿನಷ್ಟೇ ಬೆಚ್ಚಗಿದೆಯೇ?
* ಕಟ್ಟಿನ ಮೇಲೆ ಅಥವಾ ಕೆಳಗೆ ಊತ ಇದೆಯೇ?
* ಮೂಗಿನ ಹತ್ತಿರ ತಂದು ನೋಡಿ. ವಾಸನೆ ಇದೆಯೇ?
* ಕಟ್ಟು ಒದ್ದೆಯಾಗಿದೆಯೇ, ಜಾರಿದೆಯೇ, ಬಿರುಕು ಬಿಟ್ಟಿದೆಯೇ?
* ಕರು ಕಟ್ಟನ್ನು ನೆಕ್ಕುತ್ತಿದೆಯೇ, ಕಚ್ಚುತ್ತಿದೆಯೇ?
* ನಿನ್ನೆ ಊರುತ್ತಿದ್ದ ಕಾಲನ್ನು ಇಂದು ಊರುತ್ತಿಲ್ಲವೇ? ಹಾಲು ಕುಡಿಯುವುದು ಕಡಿಮೆಯಾಗಿದೆಯೇ?

ಇವುಗಳಲ್ಲಿ ಒಂದು ತೊಂದರೆ ಕಂಡರೂ ನೀವು ಕಟ್ಟಿದ್ದಾದರೆ ಕೂಡಲೇ ಬಿಚ್ಚಿ. ವೈದ್ಯರು ಹಾಕಿದ ಪ್ಲಾಸ್ಟರ್ ಆದರೆ ಅಂದೇ ಅವರಿಗೆ ತಿಳಿಸಿ, ಮರುದಿನಕ್ಕೆ ಬಿಡಬೇಡಿ. ಕಾಲು ಕಳೆದುಕೊಂಡ ದನಕ್ಕೆ ಕೃತಕ ಕಾಲು ಅಳವಡಿಸುವ ಕೆಲಸವನ್ನು ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಮಾಡಿ ತೋರಿಸಿದ್ದಾರೆ, ಅದು ಸಂತೋಷದ ವಿಷಯ. ಆದರೆ ಇರುವ ಕಾಲನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದುದು ದಿನಕ್ಕೆ ಐದು ನಿಮಿಷ ಮಾತ್ರ.

ಒಂದು ಹತ್ತಿ ಸುರುಳಿ, ಎರಡು ಬ್ಯಾಂಡೇಜು, ಅಂಚು ನಯ ಮಾಡಿದ ಒಂದು ಪೈಪಿನ ತುಂಡು, ಒಂದು ಬಾಟಲಿ ಟಿಂಚರ್ ಅಯೋಡಿನ್. ಇವಿಷ್ಟನ್ನು ಈ ಮಳೆಗಾಲಕ್ಕೆ ಮುಂಚೆ ಹಟ್ಟಿಯ ಒಣಗಿದ ಮೂಲೆಯಲ್ಲಿ ಒಂದು ಡಬ್ಬದಲ್ಲಿ ತುಂಬಿಸಿಡಿ. ಅದು ಬೇಕಾಗದೇ ಇರಲಿ ಎಂದು ಹಾರೈಸುತ್ತೇನೆ.